ಕಚ್ಚಿದ ನಾಯಿಗೆ ಮನೆ ಹುಡುಕುವವರಿಗೆ

ನಾಯಿಗಳ ಶೆಲ್ಟರ್‌ನಲ್ಲಿ ಕೆಂಚಿಯ ಗೂಡಿನ ಬಾಗಿಲಿಗೆ ಒಂದು ಕಾರ್ಡ್ ತೂಗುಹಾಕಿದ್ದರು. ಕೆಂಪು ಪೆನ್ನಿನಲ್ಲಿ ‘ಕಚ್ಚುತ್ತೆ’ ಎಂದು ಬರೆದಿತ್ತು. ಅಷ್ಟೇ. ಯಾರಿಗೆ ಕಚ್ಚಿತು, ಯಾವಾಗ, ಆಗ ಏನು ನಡೆಯುತ್ತಿತ್ತು, ಗಾಯ ಎಷ್ಟು ಆಳ, ಒಂದೂ ಇಲ್ಲ. ನಾಯಿ ನೋಡಲು ಬಂದವರು ಆ ಪದ ಓದಿ ಪಕ್ಕದ ಗೂಡಿಗೆ ಹೋಗುತ್ತಿದ್ದರು. ಐದು ತಿಂಗಳು ಅವಳು ಗೋಡೆಗೆ ಮುಖ ಮಾಡಿಕೊಂಡೇ ಕೂತಿದ್ದಳು.

ಬೆಂಗಳೂರಿನಲ್ಲಿ ಇಂಥ ನಾಯಿಗಳನ್ನು ಕೆಲವು ತಿಂಗಳು ಮನೆಯಲ್ಲಿಟ್ಟುಕೊಂಡು, ಆಮೇಲೆ ದತ್ತು ಕೊಡುವ ಕೆಲಸ ಮಾಡುತ್ತೇನೆ. ನನ್ನ ಅನುಭವದಲ್ಲಿ ಎಲ್ಲವೂ ಶುರುವಾಗುವುದು ಆ ಕಾರ್ಡಿನಿಂದಲೇ. ಅದನ್ನು ಸರಿಯಾಗಿ ತುಂಬಿದರೆ ಎಂಥ ಮನೆ ಬೇಕು ಅಂತ ಅದೇ ಹೇಳುತ್ತದೆ.

ಮೊದಲು ಕಡಿತದ ಕಥೆ ಕೇಳಿ

ಶೆಲ್ಟರ್‌ನ ಹುಡುಗರ ಹತ್ತಿರ ಕೂತು ಮಾತಾಡಿ. ಅವಸರ ಮಾಡಬೇಡಿ, ತಪ್ಪು ಹುಡುಕಲು ಬಂದಿದ್ದೀರಿ ಅಂತ ಅವರಿಗೆ ಅನ್ನಿಸಬಾರದು. ಕೆಂಚಿಯ ಕಥೆ ಹೀಗಿತ್ತು: ವ್ಯಾನಿಗೆ ಹತ್ತಿಸಲು ಒಬ್ಬರು ಹಿಂದಿನಿಂದ ಬಂದು ಸೊಂಟ ಹಿಡಿದು ಎತ್ತಿದರು, ಅವಳು ಗುರ್ ಅಂದಳು, ಅವರು ಬಿಡಲಿಲ್ಲ, ತಿರುಗಿ ಕೈಗೆ ಬಾಯಿ ಹಾಕಿ ತಕ್ಷಣ ಬಿಟ್ಟಳು. ಎರಡು ಸಣ್ಣ ತೂತು. ‘ಕಚ್ಚುತ್ತೆ’ ಅನ್ನುವ ಪದಕ್ಕೂ ಈ ಕಥೆಗೂ ಎಷ್ಟು ದೂರ ನೋಡಿ.

ಗಾಯದ ಆಳ ಬರೆಯಲು ಇಯಾನ್ ಡನ್‌ಬಾರ್ ಎಂಬ ಪಶುವೈದ್ಯರು ಮಾಡಿದ 6 ಮಟ್ಟದ ಅಳತೆ ಇದೆ. ನಾಯಿ ತರಬೇತಿ ಮಾಡುವವರು ಇದನ್ನೇ ಜಾಸ್ತಿ ಬಳಸುತ್ತಾರೆ. 1ನೇ ಮಟ್ಟ ಅಂದರೆ ಬಾಯಿ ಹಾಕಲು ಬಂತು, ಹಲ್ಲು ಮುಟ್ಟಲಿಲ್ಲ. 2 ಅಂದರೆ ಹಲ್ಲು ಮುಟ್ಟಿತು, ಆದರೆ ತೂತು ಬೀಳಲಿಲ್ಲ. 3ನೆಯದರಲ್ಲಿ ಒಂದೇ ಕಡಿತ, ಒಂದರಿಂದ ನಾಲ್ಕು ತೂತು, ಕೋರೆಹಲ್ಲಿನ ಅರ್ಧಕ್ಕಿಂತ ಆಳ ಇಲ್ಲ. 4 ಅಂದರೆ ಅರ್ಧಕ್ಕಿಂತ ಆಳ. ಹಿಡಿದು ಬಿಡಲಿಲ್ಲ ಅಥವಾ ತಲೆ ಒದರಿತು ಅಂತ ಅರ್ಥ. 5ರಲ್ಲಿ ಅಂಥ ಕಡಿತ ಮತ್ತೆ ಮತ್ತೆ. 6 ಸಾವು. 3ಕ್ಕೂ 4ಕ್ಕೂ ನಡುವೆ ದೊಡ್ಡ ಗೆರೆ ಇದೆ. 3ರವರೆಗಿನ ನಾಯಿ ಹೆದರಿದ್ದಾಗಲೂ ಬಾಯಿಯನ್ನು ಹಿಡಿತದಲ್ಲಿ ಇಟ್ಟುಕೊಂಡಿದೆ. ಕೆಂಚಿ 3ರಲ್ಲಿದ್ದಳು.

ಎಷ್ಟು ಸಲ ಕಚ್ಚಿದೆ, ಕಚ್ಚುವ ಮೊದಲು ಸೂಚನೆ ಕೊಟ್ಟಿತ್ತಾ, ಆಗ ತಿನ್ನುತ್ತಿತ್ತಾ, ಮಲಗಿತ್ತಾ, ಮೂಲೆಯಲ್ಲಿ ಸಿಕ್ಕಿಹಾಕಿಕೊಂಡಿತ್ತಾ, ಇದೆಲ್ಲ ತಾರೀಖಿನ ಸಮೇತ ಬರೆದಿಡಿ.

ಇಲ್ಲೇ ಒಂದು ಮಾತು. ನಿಮಗೆ ಹಲ್ಲು ತಾಗಿದರೆ ‘ನಮ್ಮ ನಾಯಿ ಅಲ್ವಾ’ ಅಂತ ಸುಮ್ನೆ ಇರಬೇಡಿ. ಹರಿಯುವ ನೀರು, ಸೋಪಿನಲ್ಲಿ 15 ನಿಮಿಷ ತೊಳೆಯಿರಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಚರ್ಮಕ್ಕೆ ಕೊಡುವ ರೇಬಿಸ್ ಲಸಿಕೆ 0, 3, 7, 28ನೇ ದಿನ ಇರುತ್ತದೆ. ರಕ್ತ ಬಂದಿದ್ದರೆ ಗಾಯದ ಸುತ್ತ ಸೀರಮ್ ಕೂಡ ಬೇಕಾಗುತ್ತದೆ. ನಾಯಿಯನ್ನು 10 ದಿನ ಕಣ್ಣಿಟ್ಟು ನೋಡಬೇಕು, ಆದರೆ ಅದಕ್ಕಾಗಿ ಲಸಿಕೆ ತಡ ಮಾಡಬಾರದು. ರೇಬಿಸ್ ಲಕ್ಷಣ ಶುರುವಾದ ಮೇಲೆ ಉಳಿಸಿಕೊಳ್ಳುವ ಔಷಧಿ ಇಲ್ಲ. ಈ ಕೆಲಸ ಮಾಡುವವರು ಮುಂಚೆಯೇ ಲಸಿಕೆ ಹಾಕಿಸಿಕೊಂಡಿರುವುದು ಒಳ್ಳೆಯದು.

ನೋವು ಇದೆಯಾ ನೋಡಿಸಿ

ಕೆಂಚಿಯ ಸೊಂಟದ ಎಕ್ಸ್‌ರೇ ತೆಗೆಸಿದಾಗ ಹಳೆಯ ಮೂಳೆ ಮುರಿತ ಕಾಣಿಸಿತು. ಯಾವುದೋ ಗಾಡಿ ಗುದ್ದಿರಬೇಕು. ಸೊಂಟ ಹಿಡಿದು ಎತ್ತಿದರೆ ನಾವಾದರೂ ಚೀರುತ್ತಿದ್ದೆವು. ಕಿವಿ ಸೋಂಕು, ಹುಳುಕು ಹಲ್ಲು, ಕೀಲು ನೋವು, ಉಣ್ಣೆ (ಟಿಕ್) ಜ್ವರ, ಇವೆಲ್ಲ ನಾಯಿಯನ್ನು ಸಿಡುಕು ಮಾಡುತ್ತವೆ. ಉಣ್ಣೆ ಜ್ವರ ನಮ್ಮ ಕಡೆ ತುಂಬಾ ಜಾಸ್ತಿ, ರಕ್ತ ಪರೀಕ್ಷೆ ಮಾಡಿಸದೆ ಬಿಡಬೇಡಿ. ನೋವಿಗೆ ಔಷಧಿ ಕೊಟ್ಟ ಮೇಲೂ ಭಯ ಹಾಗೇ ಉಳಿದರೆ, ನಡವಳಿಕೆ ಬಲ್ಲ ಪಶುವೈದ್ಯರ ಹತ್ತಿರ ಭಯ ತಗ್ಗಿಸುವ ಮಾತ್ರೆಯ ಬಗ್ಗೆ ಕೇಳಿ. ಫ್ಲೂಆಕ್ಸೆಟಿನ್ ಥರದ್ದು ಕೆಲಸ ಮಾಡಲು 4ರಿಂದ 6 ವಾರ ಬೇಕು. ಹತ್ತು ದಿನಕ್ಕೆ ‘ಏನೂ ಆಗಲಿಲ್ಲ’ ಅಂತ ನಿಲ್ಲಿಸಬೇಡಿ.

ಗುರ್ ಅಂದಿದ್ದಕ್ಕೆ ಬೈಯಬೇಡಿ

ಬೊಗಳುವ ನಾಯಿ ಕಚ್ಚುವುದಿಲ್ಲ ಅಂತ ಗಾದೆ ಇದೆ. ಅದನ್ನು ನಂಬಿ ಹತ್ತಿರ ಹೋಗಬೇಡಿ. ಹೆದರಿದ ನಾಯಿ ಮೊದಲು ಸಣ್ಣದಾಗಿ ಹೇಳುತ್ತದೆ: ಮೂತಿ ನೆಕ್ಕಿಕೊಳ್ಳುತ್ತದೆ, ನಿದ್ದೆ ಇಲ್ಲದಿದ್ದರೂ ಆಕಳಿಸುತ್ತದೆ, ಮುಖ ಆ ಕಡೆ ತಿರುಗಿಸಿ ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುತ್ತದೆ. ಬಾಲ ಹೊಟ್ಟೆಯ ಕೆಳಗೆ ಹೋಗುತ್ತದೆ. ಆಮೇಲೆ ಮೈ ಕಲ್ಲಿನಂತೆ ಬಿಗಿಯಾಗುತ್ತದೆ. ಇಲ್ಲಿ ನೀವು ಹಿಂದೆ ಸರಿಯಬೇಕು. ಇದನ್ನೂ ಯಾರೂ ಕೇಳದಿದ್ದರೆ ಗುರುಗುಡುತ್ತದೆ. ಅದಕ್ಕೂ ಏಟು ಬಿದ್ದರೆ ಮುಂದಿನ ಸಲ ಗುರುಗುಡುವುದನ್ನು ಬಿಟ್ಟು ನೇರವಾಗಿ ಬಾಯಿ ಹಾಕುತ್ತದೆ. ‘ಸೂಚನೆಯೇ ಇಲ್ಲದೆ ಕಚ್ಚಿತು’ ಅಂತ ಹೇಳುವ ಎಷ್ಟೋ ನಾಯಿಗಳನ್ನು ನಾವೇ ಹಾಗೆ ಮಾಡಿರುತ್ತೇವೆ.

ಭಯ ಕಳೆಯುವ ದಾರಿ ನಿಧಾನ, ಆದರೆ ಸರಳ. ನಾಯಿ ಆರಾಮಾಗಿ ಇರಬಲ್ಲಷ್ಟು ದೂರದಲ್ಲಿ ಮನುಷ್ಯ ಕಾಣಿಸಬೇಕು, ಕಂಡ ತಕ್ಷಣ ಬೇಯಿಸಿದ ಕೋಳಿ ತುಂಡು ಬೀಳಬೇಕು, ಮನುಷ್ಯ ಮರೆಯಾದರೆ ಕೋಳಿಯೂ ನಿಲ್ಲಬೇಕು. ಮನುಷ್ಯ ಮೊದಲು, ಕೋಳಿ ಆಮೇಲೆ. ಈ ಕ್ರಮ ತಲೆಕೆಳಗಾದರೆ ಕೋಳಿ ಕಂಡರೂ ಹೆದರಲು ಶುರುಮಾಡುತ್ತದೆ. ತಿನ್ನಲಿಲ್ಲ ಅಂದರೆ ನೀವು ತೀರಾ ಹತ್ತಿರ ಇದ್ದೀರಿ, ಇನ್ನೂ ದೂರ ಹೋಗಿ.

ಮನೆ ಹುಡುಕುವ ಮೊದಲೇ ಮಝಲ್, ಅಂದರೆ ಕಚ್ಚದಂತೆ ಮೂತಿಗೆ ಹಾಕುವ ಕವಚ, ಅಭ್ಯಾಸ ಮಾಡಿಸಿ. ಬುಟ್ಟಿಯಂಥದ್ದೇ ಇರಲಿ. ಬಟ್ಟೆಯದು ಬಾಯಿಯನ್ನು ಬಿಗಿಯಾಗಿ ಮುಚ್ಚುತ್ತದೆ, ನಾಯಿ ಬಾಯಿ ತೆರೆದು ಏದುಸಿರು ಬಿಡಲಾಗುವುದಿಲ್ಲ, ನಮ್ಮ ಬೇಸಿಗೆಯಲ್ಲಿ ಅದು ಅಪಾಯ. ಬುಟ್ಟಿಯ ಒಳಗೆ ಮೊಸರು ಸವರಿ ಹಿಡಿಯಿರಿ. ಅವಳೇ ಮೂತಿ ತೂರಿಸಲಿ. ಪಟ್ಟಿ ಕಟ್ಟುವುದು ಎಷ್ಟೋ ದಿನದ ಮೇಲಿನ ಮಾತು. ಕೆಂಚಿಗೆ ಮೂರು ವಾರ ಬೇಕಾಯಿತು. ಆಮೇಲೆ ಬುಟ್ಟಿ ಕಂಡರೆ ಓಡಿ ಬರುತ್ತಿದ್ದಳು.

‘ತೋಟದ ಮನೆಗೆ ಕೊಟ್ಟುಬಿಡಿ’

ಪ್ರತಿಯೊಬ್ಬರೂ ಹೇಳುವ ಸಲಹೆ ಇದು. ದಯವಿಟ್ಟು ಹತ್ತು ಸಲ ಯೋಚಿಸಿ. ತೋಟದಲ್ಲಿ ಹೆದರುವ ನಾಯಿಗೆ ಎರಡೇ ಗತಿ ಆಗುವುದನ್ನು ನಾನು ಜಾಸ್ತಿ ಕಂಡಿದ್ದೇನೆ. ಒಂದು, ಹಗಲೂ ರಾತ್ರಿ ಸರಪಳಿ. ಸರಪಳಿಯಲ್ಲಿ ಓಡಿಹೋಗಲು ದಾರಿ ಇಲ್ಲ, ಹಾಗಾಗಿ ಕಚ್ಚುವುದೇ ದಾರಿ ಆಗುತ್ತದೆ. ಇನ್ನೊಂದು, ಬೇಲಿ ದಾಟಿ ಓಡಿಹೋಗುವುದು, ಸಿಗುವುದೇ ಇಲ್ಲ. ಮಲೆನಾಡಿನ ಕಡೆ, ಕಾಡಂಚಿನ ಊರುಗಳಲ್ಲಿ ಚಿರತೆ ನಾಯಿಯನ್ನು ಎತ್ತಿಕೊಂಡು ಹೋಗುವುದು ಎಲ್ಲರಿಗೂ ಗೊತ್ತಿರುವ ವಿಷಯ. ಜಾಗ ದೊಡ್ಡದಿದೆ ಅನ್ನುವುದು ಹೆದರುವ ನಾಯಿಗೆ ಸುಖ ಅಲ್ಲ. ಅದಕ್ಕೆ ಬೇಕಿರುವುದು ನಾಳೆಯೂ ಇವತ್ತಿನ ಹಾಗೇ ಇರುವ ದಿನ.

ಬೀದಿಯಲ್ಲಿ ಆರಾಮಾಗಿದ್ದು ಶೆಲ್ಟರ್‌ನ ಗೂಡಿಗೆ ಬಂದ ಮೇಲಷ್ಟೇ ಕಚ್ಚಲು ಶುರುಮಾಡಿದ ಇಂಡಿಗೆ, ಅಂದರೆ ನಮ್ಮ ದೇಸಿ ನಾಯಿಗೆ, ಬೇರೆ ಯೋಚನೆ ಬೇಕು. 2023ರ ಎಬಿಸಿ (ಪ್ರಾಣಿಗಳ ಸಂತಾನ ನಿಯಂತ್ರಣ) ನಿಯಮದಲ್ಲಿ ಸಂತಾನಹರಣ ಆದ ಬೀದಿನಾಯಿಯನ್ನು ಹಿಡಿದ ಜಾಗದಲ್ಲೇ ಬಿಡಬೇಕು ಎಂದಿದೆ. ಅದನ್ನು ಬೇಗ ಬಿಟ್ಟಿದ್ದರೆ ಕಚ್ಚುವ ಪ್ರಸಂಗವೇ ಬರುತ್ತಿರಲಿಲ್ಲ. ತಿಂಗಳುಗಟ್ಟಲೆ ಇಟ್ಟುಕೊಂಡರೆ ಆ ಬೀದಿಯಲ್ಲಿ ಬೇರೆ ನಾಯಿಗಳು ಸೇರಿಕೊಂಡಿರುತ್ತವೆ.

ಮನೆ ನೋಡುವಾಗ ನಾನು ಮೊದಲು ಕೇಳುವುದು ಒಂದೇ: ದಿನಕ್ಕೆ ಎಷ್ಟು ಸಲ ಬಾಗಿಲು ತೆಗೆಯುತ್ತೀರಿ? ಹಾಲು, ಪೇಪರ್, ನೀರಿನ ಕ್ಯಾನ್, ಕೊರಿಯರ್, ಮನೆಗೆಲಸದವರು, ಸಿಲಿಂಡರ್. ಲೆಕ್ಕ ಹಾಕಿದರೆ ಅವರಿಗೇ ಆಶ್ಚರ್ಯ ಆಗುತ್ತದೆ. ಲಿಫ್ಟ್ ಇರುವ ನಾಲ್ಕನೇ ಮಹಡಿಗಿಂತ ಸಣ್ಣ ನೆಲಮಹಡಿ ಮನೆ ಎಷ್ಟೋ ವಾಸಿ, ಯಾಕೆಂದರೆ ಲಿಫ್ಟಿನೊಳಗೆ ಎದುರಾದವರಿಂದ ದೂರ ಸರಿಯಲು ಜಾಗವೇ ಇಲ್ಲ. ಚಿಕ್ಕ ಮಕ್ಕಳಿರುವ ಮನೆಗೆ ಕೊಡುವುದಿಲ್ಲ. ಮೊಮ್ಮಕ್ಕಳು ರಜೆಗೆ ಬರುತ್ತಾರಾ ಅಂತಲೂ ಕೇಳಿ. ಬಾಡಿಗೆ ಮನೆಯಾದರೆ ಓನರ್ ಜೊತೆ ನೀವೇ ಮಾತಾಡಿ. ‘ನನಗೆ ಎಂಥ ನಾಯಿಯಾದರೂ ಒಂದೇ ದಿನಕ್ಕೆ ಹೊಂದಿಕೊಳ್ಳುತ್ತೆ’ ಅನ್ನುವವರ ಬಗ್ಗೆ ಹುಷಾರಾಗಿರಿ. ಅವರು ಮೊದಲ ದಿನವೇ ತಬ್ಬಿಕೊಳ್ಳಲು ಹೋಗುತ್ತಾರೆ. ಮುಟ್ಟದೆ ಇರಬಲ್ಲವರು ಬೇಕು.

ಸತ್ಯ ಹೇಳಿ, ಪೂರ್ತಿ ಹೇಳಿ

ಹಿಂದೆ ನಾನು ಸಹಾಯ ಮಾಡುತ್ತಿದ್ದ ಒಂದು ಗುಂಪು ಬೇರೊಂದು ನಾಯಿಯ ಕಡಿತದ ವಿಷಯ ಮುಚ್ಚಿಟ್ಟು ದತ್ತು ಕೊಟ್ಟಿತು. ‘ಸ್ವಲ್ಪ ನಾಚಿಕೆ ಸ್ವಭಾವ’ ಅಂತ ಹೇಳಿದರು. ಎರಡೇ ವಾರಕ್ಕೆ ಮನೆಯವರ ಕೈಗೆ ಹೊಲಿಗೆ ಬಿತ್ತು. ನಾಯಿ ವಾಪಸ್ ಬಂತು, ಈಗ ಅದರ ಹೆಸರಲ್ಲಿ ಎರಡು ಕಡಿತ. ಆ ಮನೆಯವರು ಇನ್ನೆಂದೂ ಶೆಲ್ಟರ್‌ನಿಂದ ನಾಯಿ ತರುವುದಿಲ್ಲ ಅಂದರು. ನನಗೂ ವಿಷಯ ಗೊತ್ತಿತ್ತು, ಆಗ ಬಾಯಿ ಬಿಡಲಿಲ್ಲ. ಇವತ್ತಿಗೂ ಅದು ನನ್ನನ್ನು ಕಾಡುತ್ತದೆ.

ಕಾರ್ಡಿನಲ್ಲಿ ಬರೆದದ್ದೆಲ್ಲ ಮೊದಲ ಫೋನಿನಲ್ಲೇ ಹೇಳಿ. ಹತ್ತರಲ್ಲಿ ಎಂಟು ಜನ ಅಲ್ಲೇ ಬೇಡ ಅನ್ನಬಹುದು, ಅನ್ನಲಿ. ಒಪ್ಪಿದವರಿಗೆ ಅದನ್ನೇ ಬರಹದಲ್ಲಿ ಕೊಟ್ಟು ಸಹಿ ಹಾಕಿಸಿ. ಸಾಕಿದ ಪ್ರಾಣಿಯಿಂದ ಅಪಾಯ ಆಗದಂತೆ ನೋಡಿಕೊಳ್ಳದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಅನ್ವಯಿಸುತ್ತದೆ, ಬೇಡ ಅಂತ ಬೀದಿಗೆ ಬಿಟ್ಟುಬಂದರೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ. ಎರಡೂ ಅವರಿಗೆ ಗೊತ್ತಿರಲಿ. ಆಗದಿದ್ದರೆ ಯಾವ ಹೊತ್ತಿಗಾದರೂ ನಾವು ವಾಪಸ್ ಕರೆದುಕೊಳ್ಳುತ್ತೇವೆ ಅಂತ ನೀವೂ ಬರೆದುಕೊಡಿ.

ಇನ್ನೊಂದು ಕಷ್ಟದ ಸತ್ಯ. 4ನೇ ಮಟ್ಟ ದಾಟಿದ, ಸೂಚನೆ ಕೊಡದೆ ಹಲವು ಸಲ ಕಚ್ಚಿದ ನಾಯಿಯನ್ನು ನಾನು ಯಾರ ಮನೆಗೂ ಕೊಡುವುದಿಲ್ಲ. ಶೆಲ್ಟರ್‌ನಲ್ಲೇ ಕೊನೆವರೆಗೂ ಚೆನ್ನಾಗಿ ನೋಡಿಕೊಳ್ಳಲು ಆಗುತ್ತದಾ, ಇಲ್ಲ ಆ ಬದುಕು ಬರೀ ನರಳಾಟವಾ ಅಂತ ಪಶುವೈದ್ಯರ ಜೊತೆ ಕೂತು ನಿರ್ಧರಿಸಬೇಕು. ನೋವಿಲ್ಲದ ಸಾವಿನ ಮಾತೂ ಅಲ್ಲಿ ಬರಬಹುದು. ಆ ಮಾತು ಆಡಿದವರನ್ನು ಕ್ರೂರಿ ಅನ್ನಬೇಡಿ.

ಹೊಸ ಮನೆಗೆ

ಮೊದಲ ಮೂರು ಭೇಟಿ ಹೊರಗೆ, ಮಝಲ್ ಹಾಕಿ. ಬಂದವರು ಪಕ್ಕಕ್ಕೆ ತಿರುಗಿ ನಿಲ್ಲಲಿ, ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು, ತಿಂಡಿಯನ್ನು ನಾಯಿಯ ಹಿಂದಕ್ಕೆ ಎಸೆಯಲಿ. ತಿಂಡಿಗಾಗಿ ದೂರ ಹೋಗಿ, ತಾನಾಗಿ ಮತ್ತೆ ಹತ್ತಿರ ಬಂದರೆ ಒಳ್ಳೆಯ ಲಕ್ಷಣ. ಒಂದು ತಿಂಗಳು ಫಾಸ್ಟರ್, ಅಂದರೆ ತಾತ್ಕಾಲಿಕವಾಗಿ ನೋಡಿಕೊಳ್ಳಲು, ಅಂತಲೇ ಕೊಡಿ, ದತ್ತು ಪತ್ರ ಆಮೇಲೆ. ದೀಪಾವಳಿಗೆ ಒಂದೆರಡು ತಿಂಗಳಿರುವಾಗ ಕಳಿಸಬೇಡಿ.

ಕರೆದೊಯ್ಯುವ ದಿನ ಎರಡು ಲೀಶ್ ಇರಲಿ, ಒಂದು ಕಾಲರಿಗೆ, ಒಂದು ಎದೆಗೆ ತೊಡಿಸುವ ಹಾರ್ನೆಸ್‌ಗೆ. ಹೆದರುವ ನಾಯಿ ತಪ್ಪಿಸಿಕೊಳ್ಳುವುದು ಹೆಚ್ಚಾಗಿ ಕಾರಿನ ಬಾಗಿಲು ತೆಗೆಯುವಾಗ. ಕಾಲರ್ ಮೇಲೆ ಫೋನ್ ನಂಬರ್ ಇರಲಿ. ಮನೆಗೆ ಬಂದ ದಿನವೇ ಸ್ನಾನ ಬೇಡ, ನೆಂಟರು ಬೇಡ, ಫೋಟೋ ಬೇಡ. ಒಂದು ಕೋಣೆ, ನೀರು, ಹಾಸಿಗೆ. ಮೂರು ದಿನ, ಮೂರು ವಾರ, ಮೂರು ತಿಂಗಳು ಅಂತ ಒಂದು ಲೆಕ್ಕ ಇದೆ: ಉಸಿರು ಬಿಡಲು, ದಿನಚರಿ ಕಲಿಯಲು, ಇದು ನನ್ನ ಮನೆ ಅನ್ನಿಸಲು. ಕಚ್ಚಿದ ನಾಯಿಗೆ ಅದರ ಎರಡರಷ್ಟು ಹಿಡಿಯಿರಿ. ಮಲಗಿದ್ದಾಗ ಮುಟ್ಟಬೇಡಿ, ದೂರದಿಂದ ಹೆಸರು ಕರೆಯಿರಿ. ಬಾಯಲ್ಲಿರುವುದನ್ನು ಕಿತ್ತುಕೊಳ್ಳದೆ, ಅದಕ್ಕಿಂತ ರುಚಿಯಾದದ್ದು ತೋರಿಸಿ. ದತ್ತು ಕೊಟ್ಟವರು ಮೊದಲ ದಿನ, ಮೂರನೇ ದಿನ, ವಾರಕ್ಕೊಮ್ಮೆ ಫೋನ್ ಮಾಡಿ. ‘ಎಲ್ಲ ಚೆನ್ನಾಗಿದೆಯಾ’ ಅಂತ ಕೇಳಿದರೆ ಹೌದು ಅಂತಾರೆ. ‘ಈ ವಾರ ಯಾವಾಗ ಗುರ್ ಅಂದಳು’ ಅಂತ ಕೇಳಿ.

ಕೆಂಚಿ ಈಗ ಮೈಸೂರಿನಲ್ಲಿದ್ದಾಳೆ. ಕೆಲಸದಿಂದ ನಿವೃತ್ತರಾದ ಒಬ್ಬ ಅಮ್ಮ, ನೆಲಮಹಡಿ, ದಿನಕ್ಕೆ ಎರಡು ಸಲ ಬಾಗಿಲು ತೆಗೆಯುವ ಮನೆ. ಕೈಯಿಂದ ತಿನ್ನಲು ಏಳು ವಾರ ಹಿಡಿಯಿತು. ಸೊಂಟ ಮುಟ್ಟಿಸಿಕೊಳ್ಳುವುದಿಲ್ಲ, ಮುಂದೆಯೂ ಮುಟ್ಟಿಸಿಕೊಳ್ಳಲಿಕ್ಕಿಲ್ಲ. ಮಳೆಯಲ್ಲಿ ಹೊರಗೆ ಹೋಗಿ ಬಂದರೆ ಅವರು ಮುಂದಿನ ಎರಡು ಪಾದ ಒರೆಸುತ್ತಾರೆ, ಹಿಂದಿನವು ಒಣಗಲಿ ಅಂತ ಬಾಗಿಲಲ್ಲಿ ಗೋಣಿಚೀಲ ಹಾಸಿದ್ದಾರೆ.