ಮುಂಬೈ, ಪುಣೆ, ಗೋವಾ: ಬೆಳಕಿನ ಕೆಲಸದ ಮೂರು ಆಫೀಸು

ನಮ್ಮ ಕಂಪನಿ ಲೈಟು ಮಾರುವುದಿಲ್ಲ. ಮುಂಬೈಗೆ ಬಂದ ಹೊಸದರಲ್ಲಿ ಈ ಮಾತನ್ನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಕಟ್ಟಡದ ನಕ್ಷೆ ಆರ್ಕಿಟೆಕ್ಟ್ ಮಾಡುತ್ತಾರೆ. ಕಂಬ, ತೊಲೆಯ ಲೆಕ್ಕ ಸ್ಟ್ರಕ್ಚರಲ್ ಎಂಜಿನಿಯರ್ ನೋಡಿಕೊಳ್ಳುತ್ತಾರೆ. ಯಾವ ಗೋಡೆಗೆ ಎಷ್ಟು ಬೆಳಕು ಬೀಳಬೇಕು, ಎಲ್ಲಿ ಕತ್ತಲು ಇರಬೇಕು, ಯಾವ ಲೈಟು ಕಣ್ಣಿಗೆ ಕಾಣಲೇಬಾರದು ಅನ್ನುವುದು ನಮ್ಮ ಕೆಲಸ. ಆರ್ಕಿಟೆಕ್ಟ್‌ಗಳಿಗೆ 1972ರ ಕಾಯ್ದೆ ಇದೆ, ಕೌನ್ಸಿಲ್‌ನಲ್ಲಿ ನೋಂದಣಿ ಇದೆ. ನಮಗೆ ಅಂಥದ್ದೇನೂ ಇಲ್ಲ. ಯಾರು ಬೇಕಾದರೂ ಲೈಟಿಂಗ್ ಡಿಸೈನರ್ ಅಂತ ಬೋರ್ಡು ಹಾಕಿಕೊಳ್ಳಬಹುದು. ಮಾಲು ತಗೊಂಡರೆ ಡಿಸೈನ್ ಪುಕ್ಕಟೆ ಅನ್ನುವವರೂ ಇದ್ದಾರೆ. ಅವರ ಎದುರು ಕೂತು ಫೀಸು ಕೇಳುವುದು ಸುಲಭ ಅಲ್ಲ, ಅಲ್ವಾ?

ನಾನು ಧಾರವಾಡದವಳು. ಬೆಂಗಳೂರಿನ ಹೆಡ್ ಆಫೀಸಿನಲ್ಲಿ ಕೆಲಸ ಕಲಿತು, ಮುಂಬೈ ಬ್ರಾಂಚ್ ತೆರೆಯಲು ಬಂದೆ. ಆಮೇಲೆ ಪುಣೆ, ಗೋವಾ ಸೇರಿಕೊಂಡವು. ಬೆಳಕಿನ ಡಿಸೈನ್ ಮುಗಿಯುವುದು ಕಂಪ್ಯೂಟರಿನಲ್ಲಲ್ಲ, ಕತ್ತಲಾದ ಮೇಲೆ ಸೈಟಿನಲ್ಲಿ. ಆ ಹೊತ್ತಿಗೆ ಅಲ್ಲಿ ನಿಂತವರಿಗೆ ತೀರ್ಮಾನ ಮಾಡುವ ಅಧಿಕಾರ ಇರಬೇಕು. ಫೋಟೋ ಕಳಿಸಿ ಬೆಂಗಳೂರಿನ ಉತ್ತರಕ್ಕೆ ಕಾಯುವ ಹಾಗಿರಬಾರದು. ಫೋನಿನ ಕ್ಯಾಮೆರಾ ತಾನೇ ಬೆಳಕನ್ನು ಹೆಚ್ಚು ಕಡಿಮೆ ಮಾಡಿಕೊಳ್ಳುತ್ತದೆ. ಅದರಲ್ಲಿ ನೋಡಿ ಹೇಳಿದ ಅಭಿಪ್ರಾಯಕ್ಕೆ ಬೆಲೆ ಇಲ್ಲ. ಮೂರೂ ಆಫೀಸು ಕಟ್ಟುವಾಗ ನಾನು ಗಟ್ಟಿಯಾಗಿ ಹಿಡಿದುಕೊಂಡಿದ್ದು ಇದೊಂದನ್ನೇ.

ಮುಂಬೈನಲ್ಲಿ ಜಗಳವೆಲ್ಲ ಇಂಚಿನ ಲೆಕ್ಕದ್ದು. ಫಾಲ್ಸ್ ಸೀಲಿಂಗ್ ಮೇಲೆ ತೊಲೆ, ಎಸಿ ಡಕ್ಟ್, ಸ್ಪ್ರಿಂಕ್ಲರ್ ಪೈಪು ಎಲ್ಲ ಕೂತ ಮೇಲೆ ಉಳಿದ ಜಾಗ ನಮಗೆ. ಲೈಟು ಒಳಕ್ಕೆ ಹೋದಷ್ಟೂ ಕಣ್ಣಿಗೆ ಹೊಡೆಯುವುದು ಕಡಿಮೆ. ಆದರೆ ಒಳಕ್ಕೆ ಹೋಗಲು ಜಾಗ ಬೇಕಲ್ಲ? ಆದ್ದರಿಂದ ಮುಂಬೈ ಆಫೀಸಿಗೆ ಸೇರಿದ ಹುಡುಗರಿಗೆ ಮೊದಲು ಕಲಿಸುವುದು ಎಸಿ ಡ್ರಾಯಿಂಗ್ ಓದುವುದನ್ನು. ಲೈಟಿನ ಕ್ಯಾಟಲಾಗು ಆಮೇಲೆ.

ಎರಡನೆಯದು, ಸಂಜೆ ಓವಲ್ ಮೈದಾನಕ್ಕೆ ಕರೆದುಕೊಂಡು ಹೋಗುವುದು. ಒಂದು ಕಡೆ ಹೈಕೋರ್ಟು, ರಾಜಾಬಾಯಿ ಟವರ್. ಇನ್ನೊಂದು ಕಡೆ 1930ರ ಸುಮಾರಿನ ಆರ್ಟ್ ಡೆಕೊ ಶೈಲಿಯ ಮನೆಗಳ ಸಾಲು. ಎರಡೂ ಸೇರಿ 2018ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಬಂದವು. ಆರ್ಟ್ ಡೆಕೊ ಕಟ್ಟಡಗಳ ಚೆಲುವಿರುವುದು ಆ ಉದ್ದುದ್ದ ಸಜ್ಜಾಗಳಲ್ಲಿ. ಹಗಲು ಬಿಸಿಲು ಮೇಲಿಂದ ಬೀಳುತ್ತದೆ, ಸಜ್ಜಾದ ನೆರಳು ಕೆಳಗೆ ಇಳಿಯುತ್ತದೆ. ರಾತ್ರಿ ನೆಲದಿಂದ ಫ್ಲಡ್‌ಲೈಟ್ ಬಿಟ್ಟರೆ ಅದೇ ನೆರಳು ಮೇಲಕ್ಕೆ ಏರುತ್ತದೆ. ಕಟ್ಟಡದ ಮುಖವೇ ಬೇರೆಯಾಗಿಬಿಡುತ್ತದೆ. ಸಂಜೆ ಆರಕ್ಕೆ ಒಂದು ಸಲ, ಎಂಟಕ್ಕೆ ಒಂದು ಸಲ ಅದೇ ಕಟ್ಟಡವನ್ನು ಪೆನ್ಸಿಲ್‌ನಲ್ಲಿ ಬಿಡಿಸಿ ಅಂತ ಹೇಳುತ್ತೇನೆ. ಬಿಡಿಸುತ್ತಾ ಬಿಡಿಸುತ್ತಾ ಅವರಿಗೇ ಹೊಳೆಯುತ್ತದೆ: ಒಂದೊಂದು ಸಜ್ಜಾದ ಮೇಲೂ ಸಣ್ಣ ಲೈಟು ಮಲಗಿಸಿ ಗೋಡೆಯನ್ನು ಬಳಿ ಬಳಿಯಿಂದ ಬೆಳಗಬೇಕು, ಅದೂ ಹಳದಿಗೆ ವಾಲಿದ ಬೆಚ್ಚಗಿನ ಬಣ್ಣದಲ್ಲಿ, ಗೋಡೆಗೆ ತೂತು ಕೊರೆಯದೆ.

ಬಣ್ಣದ ಮಾತು ಬಂದಾಗ ಮುಂಬೈಯವರಿಗೆ ಜಾಸ್ತಿ ವಿವರಿಸಬೇಕಿಲ್ಲ. ಮರೀನ್ ಡ್ರೈವ್ ಹೆಸರು ಎತ್ತಿದರೆ ಸಾಕು. 2015ರ ಆಸುಪಾಸಿನಲ್ಲಿ ಅಲ್ಲಿ ಹಳದಿ ಸೋಡಿಯಂ ದೀಪ ತೆಗೆದು ಬಿಳಿ ಎಲ್‌ಇಡಿ ಹಾಕಿದಾಗ, ಕಡಲ ದಂಡೆಗುಂಟ ಹಾರದಂತೆ ಹೊಳೆಯುವ ಆ ದೀಪದ ಸಾಲು, ಕ್ವೀನ್ಸ್ ನೆಕ್ಲೇಸ್, ಕಳೆಗುಂದಿತು ಅಂತ ಊರೇ ತಿರುಗಿಬಿತ್ತು. ಕೊನೆಗೆ ಬೆಚ್ಚಗಿನ ಬಣ್ಣಕ್ಕೇ ವಾಪಸು ಬರಬೇಕಾಯಿತು. ಬೆಳಕಿನ ಬಣ್ಣಕ್ಕಾಗಿ ಒಂದು ಊರು ಅಷ್ಟು ತಲೆ ಕೆಡಿಸಿಕೊಂಡಿದ್ದು ನನಗೆ ಇವತ್ತಿಗೂ ಖುಷಿ ಕೊಡುವ ಸಂಗತಿ.

ಪುಣೆ ಕೆಲಸದ ಬಗ್ಗೆ ಇಷ್ಟೊಂದು ಹೇಳುವುದಿಲ್ಲ. ಹಿಂಜವಡಿ, ಖರಾಡಿಯ ಐಟಿ ಆಫೀಸುಗಳೇ ಅಲ್ಲಿ ಹೆಚ್ಚು. ಅವರಿಗೆ ಪ್ರತಿಯೊಂದಕ್ಕೂ ಲೆಕ್ಕ ಬೇಕು. ಮೇಜಿನ ಮೇಲೆ 500 ಲಕ್ಸ್ (ಲಕ್ಸ್ ಅಂದರೆ ಬಿದ್ದ ಬೆಳಕಿನ ಅಳತೆ), ಕಣ್ಣು ಕುಕ್ಕುವುದನ್ನು ಅಳೆಯುವ ಗ್ಲೇರ್ ಸೂಚ್ಯಂಕ 19ರ ಒಳಗೆ, ಇಂಧನ ಸಂರಕ್ಷಣೆಯ ಕಟ್ಟಡ ಸಂಹಿತೆ ಹೇಳುವಂತೆ ಚದರ ಮೀಟರಿಗೆ ಇಷ್ಟೇ ವಾಟ್. ಲೈಟುಗಳನ್ನು ಒಂದೊಂದಾಗಿ ನಿಯಂತ್ರಿಸುವ ಡಾಲಿ ಲೈನು ಒಂದರಲ್ಲಿ 64 ವಿಳಾಸ, ಕೇಬಲ್ 300 ಮೀಟರಿನ ಒಳಗೆ. ಅಲ್ಲಿ ನಾನು ಪಟ್ಟು ಹಿಡಿದಿದ್ದು ಒಂದೇ ವಿಷಯಕ್ಕೆ. 500 ಲಕ್ಸ್ ಕೆಲಸ ಮಾಡುವ ಮೇಜಿಗೆ ಸಾಕು, ಓಡಾಡುವ ದಾರಿಗೂ ಯಾಕೆ? ಎಲ್ಲ ಕಡೆ ಒಂದೇ ಸಮ ಬೆಳಗಿದ ಆಫೀಸಿನಲ್ಲಿ ರಾತ್ರಿ ಪಾಳಿಯವರ ಕಣ್ಣಿಗೆ ವಿಶ್ರಾಂತಿಯೇ ಇರುವುದಿಲ್ಲ. ಪುಣೆಯ ಗ್ರಾಹಕರು "ಯಾಕೆ?" ಅಂತ ಮೇಲಿಂದ ಮೇಲೆ ಕೇಳುತ್ತಾರೆ. ಲೆಕ್ಕ ಇಟ್ಟು ತೋರಿಸಿದರೆ ಒಪ್ಪುತ್ತಾರೆ, ಆಮೇಲೆ ಮಾತು ಬದಲಿಸುವುದಿಲ್ಲ. ಅಂಥವರ ಜೊತೆ ಕೆಲಸ ಮಾಡುವುದು ನನಗೆ ಇಷ್ಟ.

ಗೋವಾ ಬೇರೆಯೇ ಲೋಕ. ಅಲ್ಲಿ ಇನ್ನೂ ಕತ್ತಲು ಉಳಿದಿದೆ. ಮುಂಬೈನಲ್ಲಿ ಸಪ್ಪೆ ಅನ್ನಿಸುವ ಲೈಟು ಗೋವಾದ ಹಳ್ಳಿ ರಸ್ತೆಯಲ್ಲಿ ಕಣ್ಣು ಕುಕ್ಕುತ್ತದೆ. ಮುಂಬೈನ ವಾಟ್ ಲೆಕ್ಕವನ್ನು ಅಲ್ಲಿಗೆ ತರಬೇಡಿ ಅಂತ ನಮ್ಮವರಿಗೆ ಮೊದಲೇ ಹೇಳಿಟ್ಟಿದ್ದೇನೆ. ಜಂಬಿಟ್ಟಿಗೆ ಕಲ್ಲಿನ ಗೋಡೆಗೆ ಬಿಳಿ ಬೆಳಕು ಬಿಟ್ಟರೆ ಆ ಕೆಂಪೆಲ್ಲ ಬೂದಿ ಬಣ್ಣಕ್ಕೆ ತಿರುಗುತ್ತದೆ. ಅದಕ್ಕೆ 2700 ಕೆಲ್ವಿನ್‌ನ ಬೆಚ್ಚಗಿನ ಬೆಳಕು ಬೇಕು, ಕೆಂಪು ಬಣ್ಣವನ್ನು ಚೆನ್ನಾಗಿ ತೋರಿಸುವ ಎಲ್‌ಇಡಿ ಬೇಕು. ಹಳೆಯ ಮನೆಗಳ ಕಿಟಕಿಗೆ ಗಾಜಿನ ಬದಲು ತೆಳ್ಳಗಿನ ಚಿಪ್ಪು ಕೂರಿಸಿರುತ್ತಾರೆ. ಹೊರಗಿನಿಂದ ಬೆಳಕು ಹಾಕಿದರೆ ಅದು ಸುಮ್ನೆ ಮಂಕು ಬಿಳಿ. ಒಳಗೆ ಕೋಣೆಯಲ್ಲಿ ಒಂದು ದೀಪ ಹಚ್ಚಿದರೆ ಇಡೀ ಕಿಟಕಿ ಹಾಲಿನಂತೆ ಹೊಳೆಯುತ್ತದೆ. ಅಂಥ ಮನೆಗೆ ಹೊರಗೋಡೆಯ ಲೈಟು ಬೇಡವೇ ಬೇಡ ಅಂತ ಬರೆದುಕೊಟ್ಟು ಬಂದಿದ್ದೂ ಇದೆ.

ಸಮುದ್ರದ ಹತ್ತಿರದ ಕೆಲಸವಾದರೆ ಆಮೆಗಳ ವಿಚಾರ ಬರುತ್ತದೆ. ಮೊರ್ಜಿಂ, ಅಗೊಂದ, ಗಾಲ್ಜಿಬಾಗ್‌ಗಳಲ್ಲಿ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆ ಇಡುತ್ತವೆ. ಮರಿಗಳು ಮೊಟ್ಟೆಯೊಡೆದು ಬಂದ ಕೂಡಲೇ ಬೆಳಕಿರುವ ದಿಕ್ಕಿಗೆ ಹೊರಡುತ್ತವೆ. ಕತ್ತಲ ದಂಡೆಯಲ್ಲಿ ಬೆಳಕಿರುವ ದಿಕ್ಕು ಅಂದರೆ ಸಮುದ್ರ. ದಂಡೆಯ ಹೋಟೆಲಿನಲ್ಲಿ ಬಿಳಿ ಲೈಟು ಉರಿಯುತ್ತಿದ್ದರೆ ಊರ ಕಡೆ ತೆವಳುತ್ತವೆ, ಸಾಯುತ್ತವೆ. ಆದ್ದರಿಂದ ದಂಡೆಯ ಕಡೆಯ ಲೈಟು ಗಿಡ್ಡ ಇರಬೇಕು, ಮೇಲಿಂದ ಮುಚ್ಚಿರಬೇಕು, ಬಣ್ಣ ಕಿತ್ತಳೆ ಇರಬೇಕು. ಇದರಲ್ಲಿ ಚೌಕಾಸಿ ಇಲ್ಲ. ಒಬ್ಬ ಮಾಲೀಕರು ಒಪ್ಪಲಿಲ್ಲ, ನಾವು ಆ ಕೆಲಸ ಬಿಟ್ಟೆವು.

ಗೋವಾದ ಸೈಟಿನಲ್ಲಿ ಕನ್ನಡ ಚೆನ್ನಾಗಿ ಕೇಳಿಸುತ್ತದೆ. ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳದ ಕಡೆಯಿಂದ ಬಂದವರು ಅಲ್ಲಿ ಬೇಕಾದಷ್ಟು ಮಂದಿ. ನೆಲದಲ್ಲಿ ಹೂಳುವ ಲೈಟಿನ ಬಗ್ಗೆ ನನಗೆ ಪಾಠ ಹೇಳಿಕೊಟ್ಟವರು ಬಾದಾಮಿ ಕಡೆಯ ಒಬ್ಬ ಎಲೆಕ್ಟ್ರಿಕ್ ಫೋರ್ಮನ್. ಮೊದಲ ಮಳೆಗೇ ಗಾಜಿನ ಒಳಗೆ ಹನಿ ಕಟ್ಟಿತ್ತು. ಅದು ಐಪಿ67 ಲೈಟು, ಅಂದರೆ ಸ್ವಲ್ಪ ಹೊತ್ತು ನೀರಿನಲ್ಲಿ ಮುಳುಗಿಸಿದರೂ ಒಳಗೆ ನೀರು ಹೋಗಬಾರದು. ಲೈಟು ಕಂಪನಿಯವರು ಫಿಟ್ಟಿಂಗ್ ಸರಿಯಿಲ್ಲ ಅಂದರು, ಕಾಂಟ್ರಾಕ್ಟರು ಮಾಲು ಸರಿಯಿಲ್ಲ ಅಂದರು. ಫೋರ್ಮನ್ ಚಾಕು ತೆಗೆದು ಲೈಟಿನ ಹತ್ತಿರವೇ ಕೇಬಲ್ ಕತ್ತರಿಸಿದರು. ತಾಮ್ರದ ಎಳೆಗಳ ನಡುವಿನಿಂದ ನೀರು ತೊಟ್ಟಿಕ್ಕಿತು.

"ಅಕ್ಕಾರ, ಲೈಟ್ ಗಟ್ಟಿ ಐತ್ರಿ. ನೀರು ವಾಯರ್‌ನ್ಯಾಗಿಂದ ಬರಾಕತ್ತೈತಿ."

ಆಗುವುದು ಇಷ್ಟೇ. ಸಂಜೆ ಲೈಟು ಉರಿದು ಬಿಸಿಯಾಗುತ್ತದೆ. ಮಳೆ ಬಿದ್ದಾಗ, ಇಲ್ಲವೇ ಆರಿಸಿದಾಗ ತಣ್ಣಗಾಗುತ್ತದೆ. ಒಳಗಿನ ಗಾಳಿ ಕುಗ್ಗುತ್ತದೆ, ಎಲ್ಲಿಂದಾದರೂ ಎಳೆದುಕೊಳ್ಳುತ್ತದೆ. ಮೂರು ಅಡಿ ಆಚೆ ಕೇಬಲ್ ಜಾಯಿಂಟು ಕೆಸರಿನಲ್ಲಿ ಕೂತಿದ್ದರೆ, ಆ ನೀರು ವೈರಿನ ಎಳೆಗುಂಟ ಸೀದಾ ಒಳಗೆ. ಅವತ್ತಿನಿಂದ ನಮ್ಮ ಡ್ರಾಯಿಂಗಿನಲ್ಲಿ ಲೈಟಿಗಿಂತ ಜಾಯಿಂಟಿಗೆ ಹೆಚ್ಚು ಜಾಗ. ಜಾಯಿಂಟ್ ಡಬ್ಬಿಗೆ ಜೆಲ್ ತುಂಬಬೇಕು, ಲೈಟಿನ ಕೆಳಗೆ ಜಲ್ಲಿ ಹಾಕಿ ನೀರು ಇಂಗಲು ದಾರಿ ಬಿಡಬೇಕು. ಉಪ್ಪುಗಾಳಿಗೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲು ಸಾಲದು, 316 ದರ್ಜೆಯದ್ದು ಬೇಕು. ಲೈಟಿನ ಅಲ್ಯೂಮಿನಿಯಂ ಕವಚಕ್ಕೆ ಸ್ಟೀಲ್ ಸ್ಕ್ರೂ ಹಾಕಿದರೆ ಆ ತೂತಿನ ಸುತ್ತಲೇ ಬಣ್ಣ ಗುಳ್ಳೆ ಏಳುತ್ತದೆ, ನಡುವೆ ನೈಲಾನ್ ವಾಷರ್ ಕೊಡಬೇಕು.

ಮೂರು ಆಫೀಸು ಸಾಗಿಸಲು ನನಗೆ ನೆರವಾಗಿದ್ದು ಊರೂರಿನ ಕ್ಯಾಲೆಂಡರು. ಮುಂಬೈನ ಅಂಗಡಿ, ಶೋರೂಮಿನವರಿಗೆ ದೀಪಾವಳಿಗೆ ಮೊದಲು ಬಾಗಿಲು ತೆರೆಯಬೇಕು. ಗೋವಾದ ಹೋಟೆಲುಗಳಿಗೆ ಮಳೆ ನಿಂತು ಸೀಸನ್ ಶುರುವಾಗುವ ಮುಂಚೆ ಕೆಲಸ ಮುಗಿಯಬೇಕು. ಪುಣೆಯ ಆಫೀಸುಗಳ ಗಡಿಬಿಡಿ ಮಾರ್ಚ್‌ಗೆ. ಸೆಪ್ಟೆಂಬರಿನಲ್ಲಿ ಪುಣೆಯವರು ಗೋವಾಕ್ಕೆ ಹೋಗುತ್ತಾರೆ, ಮಾರ್ಚ್‌ನಲ್ಲಿ ಗೋವಾದವರು ಪುಣೆಗೆ ಬರುತ್ತಾರೆ. ಇದರಿಂದ ಜನರನ್ನು ಜಾಸ್ತಿ ತಗೊಂಡು ಆಮೇಲೆ ಕಳಿಸುವ ಪ್ರಸಂಗ ಬರಲಿಲ್ಲ. ಪುಣೆಯ ಲೆಕ್ಕದ ಹುಡುಗರಿಗೆ ಕತ್ತಲಿನ ರುಚಿಯೂ ಹತ್ತಿತು.

ದಿನದ ತಲೆನೋವು ಅಂದರೆ ಬದಲಿ ಮಾಲು. ನಾವು ಒಂದು ಲೈಟು ಬರೆದಿರುತ್ತೇವೆ. ಕಾಂಟ್ರಾಕ್ಟರು "ಸೇಮ್ ಟು ಸೇಮ್" ಅಂತ ಅರ್ಧ ಬೆಲೆಯದ್ದು ತರುತ್ತಾರೆ. ಮುಂಬೈನ ಎಲೆಕ್ಟ್ರಿಕ್ ಮಾರುಕಟ್ಟೆ ಲೋಹಾರ್ ಚಾಳಿನ ಮಾಲನ್ನು ನಾನು ಕೀಳು ಅನ್ನುವುದಿಲ್ಲ, ಅಲ್ಲಿ ಒಳ್ಳೆಯದೂ ಸಿಗುತ್ತದೆ. ಆದರೆ ಬಾಯಿಮಾತಿನಲ್ಲಿ ಒಪ್ಪುವುದಿಲ್ಲ. ಎರಡನ್ನೂ ರಾತ್ರಿ ಅದೇ ಗೋಡೆಯ ಮೇಲೆ ಪಕ್ಕಪಕ್ಕ ಬಿಟ್ಟು, ಮಾಲೀಕರನ್ನು ಕರೆಸಿ ನೋಡಿ ಅನ್ನುತ್ತೇನೆ. ಬೆಳಕಿನ ಅಂಚು ಹೇಗಿದೆ, ಒಂದೇ ಬಣ್ಣ ಅಂತ ತಂದ ನಾಲ್ಕು ಲೈಟಲ್ಲಿ ಒಂದು ಹಸಿರಿಗೆ ವಾಲಿದೆಯಾ, ಡಿಮ್ ಮಾಡಿದಾಗ ಮಿಣುಕುತ್ತದಾ. ಅಗ್ಗದ್ದೇ ಗೆದ್ದರೆ ಅದನ್ನೇ ಬರೆದುಕೊಡುತ್ತೇವೆ. ನಾವು ಯಾವ ಕಂಪನಿಯಿಂದಲೂ ಕಮಿಷನ್ ತಗೊಳ್ಳುವುದಿಲ್ಲ, ಹಾಗಾಗಿ ಒಪ್ಪಲು ನಮಗೆ ಕಷ್ಟವೇನಿಲ್ಲ.

ಇನ್ನೊಂದು ವಿಷಯವನ್ನು ಈ ಕೆಲಸಕ್ಕೆ ಬರುವವರು ಮೊದಲ ದಿನದಿಂದ ಗಮನಿಸಬೇಕು. ಕೊನೆಯ ಫೋಕಸಿಂಗ್, ಅಂದರೆ ಒಂದೊಂದು ಲೈಟನ್ನೂ ಸರಿಯಾದ ದಿಕ್ಕಿಗೆ ತಿರುಗಿಸಿ ನಿಲ್ಲಿಸುವ ರಾತ್ರಿಗಳಿಗೆ ಕರಾರಿನಲ್ಲಿ ಬೇರೆ ಸಾಲು, ಬೇರೆ ಫೀಸು ಇರಲಿ. ಇಲ್ಲದಿದ್ದರೆ ಉದ್ಘಾಟನೆಯ ಗಡಿಬಿಡಿಯಲ್ಲಿ ಮೊದಲು ಕತ್ತರಿ ಬೀಳುವುದು ಅದಕ್ಕೇ. ಏಣಿ, ಅದನ್ನು ಹಿಡಿಯಲು ಇಬ್ಬರು, ಸ್ವಿಚ್ಚಿನ ಹತ್ತಿರ ಒಬ್ಬ ಎಲೆಕ್ಟ್ರಿಷಿಯನ್ ಇವಿಷ್ಟನ್ನು ಸೈಟಿನವರು ಕೊಡಬೇಕು ಅಂತಲೂ ಬರೆಸುತ್ತೇನೆ. ಗ್ರಾಹಕರು ಮೊದಮೊದಲು ಹುಬ್ಬೇರಿಸುತ್ತಿದ್ದರು. ಈಗ ಆ ಸಾಲಿನ ಬಗ್ಗೆ ಯಾರೂ ತಕರಾರು ಎತ್ತುವುದಿಲ್ಲ.

ಗೋವಾ ಆಫೀಸನ್ನು ಈಗ ಕಾರವಾರದ ಹುಡುಗಿಯೊಬ್ಬಳು ನೋಡಿಕೊಳ್ಳುತ್ತಾಳೆ. ಕೊಂಕಣಿ, ಕನ್ನಡ, ಮರಾಠಿ ಮೂರೂ ಸಲೀಸು. ಲೈಟಿನ ಪಟ್ಟಿಗೆ ಅವಳದ್ದೇ ಕೊನೆಯ ಸಹಿ. ಅದು ನನ್ನ ಹತ್ತಿರ ಬರುವುದಿಲ್ಲ, ಬೆಂಗಳೂರಿಗೂ ಹೋಗುವುದಿಲ್ಲ.