ಹೋಟೆಲಿನ ಮಾಂಸ ಎಲ್ಲಿಂದ ಬಂತು? ಕೇಳಿ ತಿಳಿಯುವ ಬಗೆ

ಮಿಲಿಟರಿ ಹೋಟೆಲಿನ ಮಟನ್ ಸಾರಾಗಲಿ, ಪಾರ್ಸೆಲ್ ತರಿಸಿದ ದೊನ್ನೆ ಬಿರಿಯಾನಿಯಾಗಲಿ, ಅದಕ್ಕೆ ಬಳಸಿದ ಪ್ರಾಣಿಯನ್ನು ಹೇಗೆ ಸಾಗಿಸಿದರು, ಎಲ್ಲಿ ಕಡಿದರು ಎಂಬುದು ರುಚಿಯಿಂದ ತಿಳಿಯುವುದಿಲ್ಲ. ಆರ್ಡರ್ ಕೊಡುವ ಮುನ್ನವೇ ಕೇಳಬೇಕು.

ಮೊದಲು ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಪರವಾನಗಿಯ 14 ಅಂಕಿಗಳ ಸಂಖ್ಯೆಯನ್ನು ನೋಡಿ. 2022ರ ಜನವರಿಯಿಂದ ಅದನ್ನು ಬಿಲ್ಲಿನಲ್ಲಿಯೂ ಮುದ್ರಿಸುವುದು ಕಡ್ಡಾಯ. ಆದರೆ ಈ ಸಂಖ್ಯೆ ಆಹಾರ ಸುರಕ್ಷತೆಗೆ ಸಂಬಂಧಿಸಿದ್ದೇ ಹೊರತು ಪ್ರಾಣಿಯನ್ನು ನಡೆಸಿಕೊಂಡ ರೀತಿಗೆ ಸಾಕ್ಷಿಯಲ್ಲ.

ಆದ್ದರಿಂದ ಮುಂದಿನ ಪ್ರಶ್ನೆ: ಕುರಿ, ಮೇಕೆಯನ್ನು ಕಡಿದದ್ದು ಎಲ್ಲಿ? 2001ರ ಕಸಾಯಿಖಾನೆ ನಿಯಮಗಳ ಪ್ರಕಾರ ಗಬ್ಬದ ಪ್ರಾಣಿಯನ್ನಾಗಲಿ, ಮೂರು ತಿಂಗಳು ತುಂಬದ ಮರಿಯನ್ನಾಗಲಿ, ಅಂತಹ ಎಳೆಯ ಮರಿಯಿರುವ ತಾಯಿಯನ್ನಾಗಲಿ ಕಡಿಯುವಂತಿಲ್ಲ. ಒಂದು ಪ್ರಾಣಿಯ ಕಣ್ಣೆದುರು ಇನ್ನೊಂದನ್ನು ಕಡಿಯುವಂತಿಲ್ಲ. ಒಬ್ಬ ಪಶುವೈದ್ಯರು ಗಂಟೆಗೆ 12, ದಿನಕ್ಕೆ 96ಕ್ಕಿಂತ ಹೆಚ್ಚು ಪ್ರಾಣಿಗಳನ್ನು ಪರೀಕ್ಷಿಸುವಂತಿಲ್ಲ. ಪರವಾನಗಿ ಪಡೆದ ಕಸಾಯಿಖಾನೆಯಿಂದ ತರಿಸುವ ಮಾಲೀಕರ ಬಳಿ ಖರೀದಿ ಬಿಲ್ ಇರುತ್ತದೆ. ‘ನಮ್ಮ ಪರಿಚಯದವರೇ ಕೊಡುತ್ತಾರೆ’ ಎಂಬ ಮಾತನ್ನು ಉತ್ತರವೆಂದು ಒಪ್ಪಬೇಡಿ. ಮಾಲೀಕರಿಗೂ ಇದರಲ್ಲಿ ಹಿತವಿದೆ: ದೂರದಿಂದ ನಿಂತೇ ಬಂದು, ಬೆದರಿ ಬಳಲಿದ ಪ್ರಾಣಿಯ ಸ್ನಾಯುಗಳಲ್ಲಿ ಶಕ್ತಿಗೆಂದು ಕೂಡಿಟ್ಟ ಸಕ್ಕರೆಯ ದಾಸ್ತಾನು (ಗ್ಲೈಕೋಜನ್) ಮೊದಲೇ ಖರ್ಚಾಗಿರುವುದರಿಂದ ಮಾಂಸದಲ್ಲಿ ಸಾಕಷ್ಟು ಆಮ್ಲ ಉಂಟಾಗದೆ ಅದು ಕಪ್ಪಾಗಿ, ಬಿರುಸಾಗಿ, ಬೇಗ ಕೆಡುತ್ತದೆ.

ಕೋಳಿಯ ವಿಷಯದಲ್ಲಿ ಇನ್ನಷ್ಟು ಬಿಡಿಸಿ ಕೇಳಬೇಕಾಗುತ್ತದೆ. ಬ್ರಾಯ್ಲರ್ ಕೋಳಿ ಸುಮಾರು ಆರು ವಾರಕ್ಕೇ ಎರಡು ಕಿಲೋ ತೂಗುತ್ತದೆ. ಮೊಟ್ಟೆಕೋಳಿಗಳಂತೆ ಪಂಜರದಲ್ಲಲ್ಲದೆ ಬಹುಪಾಲು ಶೆಡ್ಡಿನ ಹೊಟ್ಟಿನ ಹಾಸಿನ ಮೇಲೆಯೇ ಬೆಳೆಯುವ ಈ ಕೋಳಿಗಳು ಹಿಡಿಯುವಾಗ, ಸಾಗಿಸುವಾಗ ಪಡುವ ಹಿಂಸೆ ಹೇಳತೀರದು. ಕಾಲು ಹಿಡಿದೆತ್ತಿ ಕ್ರೇಟಿಗೆ ತುರುಕುವುದು, ಬೇಸಿಗೆಯಲ್ಲಿ ನೀರಿಲ್ಲದೆ ಗಂಟೆಗಟ್ಟಲೆ ನಿಲ್ಲಿಸುವುದು, ಬೈಕಿನ ಹ್ಯಾಂಡಲ್ಲಿಗೆ ತಲೆಕೆಳಗಾಗಿ ಗೊಂಚಲು ಕಟ್ಟಿ ಒಯ್ಯುವುದು, ಇವೆಲ್ಲ ನಮ್ಮ ರಸ್ತೆಗಳಲ್ಲಿ ಹಾಡಹಗಲೇ ನಡೆಯುತ್ತವೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ದೃಷ್ಟಿಯಲ್ಲಿ ಕೋಳಿಯೂ ಪ್ರಾಣಿಯೇ. ಕೋಳಿಗಳ ಸಾಕಣೆ ಮತ್ತು ಸಾಗಣೆಯ ಕುರಿತು ಕಾನೂನು ಆಯೋಗವೂ 2017ರಲ್ಲಿ 269ನೆಯ ವರದಿಯನ್ನು ಸಲ್ಲಿಸಿತ್ತು.

ಹೋಟೆಲಿನವರು ಇಡೀ ಕೋಳಿ ತರಿಸುತ್ತಿದ್ದರೆ, ಬೇಯಿಸುವ ಮೊದಲು ರೆಕ್ಕೆಯ ಸಂದು ಮತ್ತು ತೊಡೆಯನ್ನು ನೋಡಲು ಅಡುಗೆಯವರಿಗೆ ಹೇಳಬಹುದು. ಅಲ್ಲಿ ಕಡುಗೆಂಪು ಕಂದಿದ್ದರೆ ಹಿಡಿಯುವಾಗ, ಸಾಗಿಸುವಾಗ ಬಿದ್ದ ಪೆಟ್ಟು. ಹಸಿರಿಗೆ ತಿರುಗಿದ್ದರೆ ಪೆಟ್ಟು ಅದಕ್ಕೂ ಹಿಂದಿನದು. ಬೆಂದ ತುಂಡಿನಲ್ಲಿ ಮೂಳೆಯ ಸುತ್ತ ಕಾಣುವ ಕಪ್ಪನ್ನು ಮಾತ್ರ ಪೆಟ್ಟೆಂದು ತಿಳಿಯಬಾರದು. ಎಳೆಯ ಕೋಳಿಯ ಮಜ್ಜೆ ಹೊರಕ್ಕೆ ಜಿನುಗಿ ಹಾಗಾಗುತ್ತದೆ.

ಮೆನುವಿನಲ್ಲಿ ‘ನಾಟಿ ಕೋಳಿ’, ‘ಬನ್ನೂರು ಕುರಿ’ ಎಂದು ಬರೆದಿದ್ದರೆ ಊರು, ಸಾಕಿದವರು, ತರಿಸುವ ದಿನ ಯಾವುದೆಂದು ಕೇಳಿ. ಬನ್ನೂರು ಕುರಿ ಮಂಡ್ಯ ಸೀಮೆಯ ತಳಿ. ಅದರ ಹೆಸರಿನಲ್ಲಿ ಬೇರೆ ಕುರಿಯನ್ನು ಮಾರಿದರೆ ನಿಜವಾಗಿ ಅದನ್ನು ಸಾಕಿದ ರೈತನಿಗೂ ಅನ್ಯಾಯವಾಗುತ್ತದೆ. ನಾಟಿ ಕೋಳಿ ಬೆಳೆಯಲು ತಿಂಗಳುಗಳೇ ಬೇಕು, ಅದರ ಮಾಂಸ ಬೇಯಲೂ ಹೊತ್ತು ಹಿಡಿಯುತ್ತದೆ. ಎಲುಬಿನಿಂದ ತಾನಾಗಿ ಕಳಚಿಬರುವ ಮೆತ್ತನೆಯ ತುಂಡನ್ನು ನಾಟಿಯೆಂದು ಬಡಿಸಿದರೆ ಅನುಮಾನಿಸುವುದು ಸರಿ.

ಪಾರ್ಸೆಲ್ ತರಿಸುವವರು ಆ್ಯಪಿನಲ್ಲಿ ಹೋಟೆಲಿನ ಪುಟದ ಕೊನೆಗೆ ಇರುವ ಪರವಾನಗಿ ಸಂಖ್ಯೆಯನ್ನು ನೋಡಿಕೊಂಡು, ಫೋನಿನಲ್ಲಿ ಇದೇ ಪ್ರಶ್ನೆಗಳನ್ನು ಕೇಳಬಹುದು. ಒಂದೇ ಅಡುಗೆಮನೆಯಿಂದ ಹಲವು ಹೆಸರುಗಳಲ್ಲಿ ಊಟ ಕಳುಹಿಸುವವರೂ ಇರುವುದರಿಂದ ವಿಳಾಸವನ್ನೂ ಗಮನಿಸಬೇಕು.

ಮಾಂಸ ಕೆಟ್ಟಿದೆ, ಪರವಾನಗಿ ಇಲ್ಲ ಎಂಬ ದೂರಿಗೆ ಎಫ್‌ಎಸ್‌ಎಸ್‌ಎಐನ ಉಚಿತ ಸಹಾಯವಾಣಿ 1800112100 ಇದೆ. ಸಾಗಣೆಯಲ್ಲಿ ಹಿಂಸೆ ಕಂಡರೆ ವಾಹನದ ಸಂಖ್ಯೆ, ಸ್ಥಳ, ಸಮಯವನ್ನು ಬರೆದಿಟ್ಟುಕೊಂಡು, ಸಾಧ್ಯವಾದರೆ ಫೋಟೊ ಸಹಿತ ಪೊಲೀಸ್ ಠಾಣೆಗೆ ಅಥವಾ ಜಿಲ್ಲಾ ಪ್ರಾಣಿ ದಯಾ ಸಂಘಕ್ಕೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.