ಗಾಢ ಬಣ್ಣದ ಜಮಖಾನ ಇರುವ ಕೋಣೆಗೆ ಯಾವ ಬಣ್ಣ ಹೊಡೆಸಬೇಕು?

ನಮ್ಮ ಮಲಗುವ ಕೋಣೆಯಲ್ಲಿ ನವಲಗುಂದದ ಜಮಖಾನ ಇದೆ. ಅಚ್ಚ ಕೆಂಪು, ನಡುವೆ ಹಳದಿ, ಕಪ್ಪು, ಮೇಲೆ ಎರಡು ನವಿಲು. ಅಂಥದ್ದು ನೆಲದ ಮೇಲಿದ್ದರೆ ಗೋಡೆ ಬಾಯಿ ಮುಚ್ಚಿಕೊಂಡಿರಬೇಕು. ನಾನು ಕೆಂಪಿಗೆ ಹೊಂದಲಿ ಅಂತ ಒಂದು ಗೋಡೆಗೆ ತಿಳಿ ಗುಲಾಬಿ ಹೊಡೆಸಿದ್ದೆ. ಜಮಖಾನದ ಪಕ್ಕ ಅದು ಒಗೆದು ಒಗೆದು ಬಣ್ಣ ಬಿಟ್ಟ ಬಟ್ಟೆಯಂತೆ ಕಂಡಿತು!

ಆಮೇಲೆ ಜಮಖಾನದಲ್ಲಿ ಎಲ್ಲಕ್ಕಿಂತ ಕಡಿಮೆ ಇರುವ ಬಣ್ಣ ಹುಡುಕಿದೆ. ನಮ್ಮದರಲ್ಲಿ ಅದು ಅಂಚಿನ ಕೆನೆಬಣ್ಣದ ಗೆರೆ. ಗೋಡೆಗೆ ಅದನ್ನೇ ಹೊಡೆಸಿದೆವು. ಪರದೆ ಸಾದಾ, ಚಾದರವೂ ಸಾದಾ. ಹೂವಿನ ಚಾದರ ಬೇಡವೇ ಬೇಡ, ನವಿಲಿನ ಜೊತೆ ಜಗಳಕ್ಕೆ ಬೀಳುತ್ತದೆ. ಹಳದಿ ಒಂದು ದಿಂಬಿಗಿದ್ದರೆ ಸಾಕು.

ಶೇಡ್ ಕಾರ್ಡ್ ನೋಡಿ ಸುಮ್ನೆ ಆರಿಸಬೇಡಿ. ಚಿಕ್ಕ ಡಬ್ಬಿ ತಂದು ನೆಲದ ಹತ್ತಿರ 2 ಅಡಿ ಜಾಗಕ್ಕೆ ಎರಡು ಕೋಟ್ ಬಳಿಯಿರಿ. ಒಣಗಿದ ಮೇಲೆ ಬೆಳಿಗ್ಗೆ ಒಮ್ಮೆ, ರಾತ್ರಿ ದೀಪ ಹಾಕಿ ಒಮ್ಮೆ ನೋಡಿ. ಬಿಸಿಲು ಬಿದ್ದಾಗ ಜಮಖಾನದ ಕೆಂಪು ಗೋಡೆಯ ಕೆಳಭಾಗಕ್ಕೆ ಹೊಡೆಯುತ್ತದೆ, ಬಿಳಿ ಗೋಡೆಯೂ ನಸುಗೆಂಪಾಗಿ ಕಾಣುತ್ತದೆ. ಅಂಗಡಿಯಲ್ಲಿ ನಿಂತು ನೋಡಿದರೆ ಇದು ಗೊತ್ತಾಗುವುದಿಲ್ಲ, ಅಲ್ವಾ?